ಛತ್ರದ ಹಿಂದಿನ ಕೋಣೆ

ಕೊರೋನಾ ಮುಗಿದ ಮರುವರ್ಷ ನಾನು ಮೈಸೂರಿನಲ್ಲಿ, ಹಳೆಯ ಕಟ್ಟಡಗಳ ಸಂರಕ್ಷಣೆ ನೋಡಿಕೊಳ್ಳುವ ಸರ್ಕಾರಿ ಕಚೇರಿಯೊಂದರಲ್ಲಿ ಎಂಜಿನಿಯರ್ ಆಗಿದ್ದೆ. ನಿವೃತ್ತಿ ಹತ್ತಿರವಿತ್ತು. ಗುಂಡ್ಲುಪೇಟೆಯ ಹಳೆಯ ಛತ್ರವೊಂದನ್ನು ದುರಸ್ತಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಊಟಿ ದಾರಿಯ ಪ್ರಯಾಣಿಕರು ತಂಗಲೆಂದು ಅರಸರ ಕಾಲದಲ್ಲಿ ಕಟ್ಟಿದ್ದು. ಕಲ್ಲಿನ ಕಂಬ, ಅಗಲವಾದ ಜಗಲಿ, ಮೇಲೆ ಮದ್ರಾಸ್ ತಾರಸಿ. ಅಂದರೆ ತೇಗದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಸುಣ್ಣದ ಗಾರೆಯಲ್ಲಿ ಒತ್ತೊತ್ತಾಗಿ ನಿಲ್ಲಿಸಿ ಮಾಡಿದ ಮಾಡು.

ಮೊದಲ ತಪಾಸಣೆಯಲ್ಲೇ ಅಪಾಯ ಕಣ್ಣಿಗೆ ಬಿತ್ತು. ಹಿಂದಿನ ಕೋಣೆಯ ತೊಲೆಯನ್ನು ಗೆದ್ದಲು ತಿಂದು ಟೊಳ್ಳು ಮಾಡಿತ್ತು. ಅರಳಿಯ ಬೇರು ಗೋಡೆಯೊಳಗೆ ಇಳಿದಿತ್ತು. ಆ ಮಾಡಿನ ಕೆಳಗೇ ಒಂದು ಸಂಸಾರ ವಾಸವಾಗಿತ್ತು. ಚಿಕ್ಕಣ್ಣ ಎಂಬುವವರು ಎಷ್ಟೋ ವರ್ಷ ಸಂಬಳವಿಲ್ಲದೆ ಛತ್ರ ಕಾಯ್ದವರು. ಈಗ ಲಕ್ವ ಹೊಡೆದು ಮಂಚ ಹಿಡಿದಿದ್ದರು. ಹೆಂಡತಿ ರಾಜಮ್ಮ ಜಗಲಿಯ ಮೇಲೆ ಹೂ ಕಟ್ಟುತ್ತಿದ್ದರು. ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವವರೆಲ್ಲ ಅವರಲ್ಲೇ ಹೂ ಕೊಳ್ಳುತ್ತಿದ್ದರು.

ಮಳೆಗಾಲ ಹತ್ತಿರದಲ್ಲಿತ್ತು. ಕೋಣೆ ಖಾಲಿ ಮಾಡಲೇಬೇಕು ಎಂದೆ.

"ಇವುರ್ನ ಎತ್ಕಂಡು ನಾನೆಲ್ಲಿಗೆ ಓಗ್ಲಿ ಅಮ್ಮೋರೆ? ಮದ್ವೆ ಆಗಿ ಬಂದಾಗಿಂದ ಇಲ್ಲೇ ಇವಿ."

ಮೂರು ಸಲ ಹೋದೆ, ಮೂರು ಸಲವೂ ಅದೇ ಉತ್ತರ. ಕೊನೆಗೆ ಮಂಚದ ಪಕ್ಕ ಕುಳಿತು, "ಕೆಲಸ ಮುಗಿದ ಮೇಲೆ ಈ ಕೋಣೆ ನಿಮಗೇ. ನಾನು ಮಾತು ಕೊಡ್ತೀನಿ," ಎಂದೆ. ಚಿಕ್ಕಣ್ಣ ಸರಿಯಿದ್ದ ಒಂದು ಕೈ ಎತ್ತಿ ನನಗೆ ಮುಗಿದರು.

ರಾಜಮ್ಮ ಎದ್ದು ಸೆರಗು ಬಿಗಿದುಕೊಂಡರು. "ನಿಮ್ ಮಾತ ನಂಬ್ಕಂಡು ಓಯ್ತಾ ಇವ್ನಿ, ಆಯ್ತಾ?"

ಹಂಗಳ ರಸ್ತೆಯಲ್ಲಿ ಶೀಟಿನ ಮಾಡಿನ ಒಂದು ಬಾಡಿಗೆ ಮನೆ ಹುಡುಕಿಕೊಟ್ಟೆ. ಲಗೇಜ್ ಆಟೋದಲ್ಲಿ ಮಂಚದ ಸಮೇತ ಹೋದರು. ಮೊದಲ ಜೋರು ಮಳೆಗೆ ಆ ಕೋಣೆಯ ತಾರಸಿ ಪೂರ್ತಿ ಕುಸಿಯಿತು. ಮಂಚ ಇದ್ದ ಜಾಗದಲ್ಲಿ ಆಳೆತ್ತರ ಇಟ್ಟಿಗೆ ಬಿದ್ದಿತ್ತು. ಇಬ್ಬರ ಜೀವ ಉಳಿಸಿದೆ ಎಂದು ಆ ದಿನ ಹೆಮ್ಮೆಪಟ್ಟೆ.

ಕೆಲಸ ಚೆನ್ನಾಗಿ ನಡೆಯಿತು. ಕಾಂಕ್ರೀಟ್ ಹಾಕಿ ಬೇಗ ಮುಗಿಸೋಣ ಎಂದ ಗುತ್ತಿಗೆದಾರರನ್ನು ತಡೆದೆ. ತಾಳವಾಡಿ ಕಡೆಯ ಗಾರೆಯವರು ಬಂದು ಸುಣ್ಣಕ್ಕೆ ಬೆಲ್ಲ, ಅಳಲೆಕಾಯಿ ನೀರು ಸೇರಿಸಿ ಅರೆದರು. ಬಿದ್ದ ಕೋಣೆಯನ್ನು ಹಳೆಯ ಇಟ್ಟಿಗೆಯಿಂದಲೇ ಮತ್ತೆ ಕಟ್ಟಿದೆವು.

ಮುಗಿಯುವ ಹೊತ್ತಿಗೆ ಚಾಮರಾಜನಗರದಲ್ಲಿ ಸಭೆ ಕರೆದರು. ಹಿಂದಿನ ಕೋಣೆಯನ್ನು ಚಿಕ್ಕಣ್ಣನವರ ಸಂಸಾರಕ್ಕೆ ಬಿಟ್ಟುಕೊಡಬೇಕು ಎಂದು ಕೇಳಿದೆ.

"ಸಂರಕ್ಷಿತ ಕಟ್ಟಡದಲ್ಲಿ ವಾಸಕ್ಕೆ ಅವಕಾಶ ಇಲ್ಲ. ನಿಯಮ ನಿಮಗೇ ಗೊತ್ತಲ್ಲ ಮೇಡಂ?" ಎಂದರು ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ.

ಗೊತ್ತಿತ್ತು. ಮಂಚದ ಪಕ್ಕ ಕುಳಿತು ಮಾತು ಕೊಟ್ಟಾಗಲೂ ಗೊತ್ತಿತ್ತು. ಹೇಗಾದರೂ ಒಪ್ಪಿಸಿದರಾಯಿತು ಎಂದುಕೊಂಡಿದ್ದೆ. ಮತ್ತೆ ಮನವಿ ಕೊಟ್ಟೆ, ಮೇಲಿನವರನ್ನು ಕಂಡೆ. ಜಗಲಿಯ ಒಂದು ಮೂಲೆಯಲ್ಲಿ ಹೂ ಮಾರಲು ಅನುಮತಿ ಸಿಕ್ಕಿತು. ಕೋಣೆ ಸಿಗಲಿಲ್ಲ. ಈ ಓಡಾಟದ ನಡುವೆಯೇ, ಕಡು ಬೇಸಿಗೆಯಲ್ಲಿ, ಚಿಕ್ಕಣ್ಣ ಆ ಶೀಟಿನ ಮನೆಯಲ್ಲಿ ತೀರಿಕೊಂಡರು.

ಉದ್ಘಾಟನೆಗೆ ಹೂ ತಂದುಕೊಟ್ಟವರು ರಾಜಮ್ಮನೇ. ಗಣ್ಯರು ಹೊರಟ ಮೇಲೆ ಹಿಂದಿನ ಕೋಣೆಗೆ ಹೋದರು. ಅಲ್ಲಿ ಛತ್ರದ ಹಳೆಯ ಫೋಟೋಗಳನ್ನು ತೂಗುಹಾಕಿದ್ದೆವು. ಅವರು ಯಾವುದನ್ನೂ ನೋಡಲಿಲ್ಲ. ಗೋಡೆಗೆ ಅಂಗೈ ಒತ್ತಿ ಸ್ವಲ್ಪ ಹೊತ್ತು ನಿಂತರು.

"ಚೆಂದಾಗಿ ಮಾಡಿದ್ದೀರಿ. ಎಷ್ಟು ತಣ್ಣಗದೆ!" ಎಂದರು.

ಆ ದಿನ ನನಗೆ ಶಾಲು ಹೊದಿಸಿದ್ದರು. ಅದನ್ನು ತೆಗೆದು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡೆ.

ನಿವೃತ್ತಿಯಾದ ಮೇಲೆ ಒಂದು ಬೆಳಿಗ್ಗೆ ಅವರನ್ನೇ ನೋಡಲು ಹೋದೆ. ಜಗಲಿಯ ಮೂಲೆಯಲ್ಲಿ ಕುಳಿತು ಮಲ್ಲಿಗೆ ಕಟ್ಟುತ್ತಿದ್ದರು. ನನ್ನಿಂದ ತಪ್ಪಾಯಿತು ಎಂದೆ. ಅವರು ಕೈ ನಿಲ್ಲಿಸದೆ ಹೇಳಿದರು: "ಆ ಮಳೇಲಿ ಅಲ್ಲೇ ಇದ್ದಿದ್ರೆ ಇಬ್ರೂ ಓಗ್ಬುಡ್ತಿದ್ದೋ. ಅದ ನಾ ಮರ್ತಿಲ್ಲ ಕಣಮ್ಮ. ಶೀಟಿನ ಕಾವು ತಡೀನಾರ್ದೆ ಅವ್ರು ದಿನಾ ಕೇಳೋರು, ಯಾವಾಗ ಓಗದು ಅಂತ. ಅಮ್ಮೋರು ಮಾತ್ ಕೊಟ್ಟವ್ರೆ, ನಾಳೆ ನಾಡಿದ್ದು ಓಗನ ಅಂತ ಕಡೆಗಂಟ ಏಳ್ತಾನೇ ಇದ್ದೆ."

ನಾನು ಕೊಟ್ಟಿದ್ದ ಸುಳ್ಳು ಮಾತನ್ನು, ಸುಳ್ಳೆಂದು ತಿಳಿಯದೆ, ಆಕೆ ಗಂಡನಿಗೆ ದಿನವೂ ಹೇಳಿದ್ದರು.

ಹಳೆಯ ಕಟ್ಟಡ ಉಳಿಸುವ ಕೆಲಸದಲ್ಲಿ ಎಲ್ಲರೂ ಗಾರೆಯ ಹದ, ಮರದ ಆಯ್ಕೆ ಕಲಿಸುತ್ತಾರೆ. ಒಳಗಿರುವವರನ್ನು ಎಬ್ಬಿಸುವಾಗ ಏನು ಹೇಳಬೇಕೆಂಬುದನ್ನು ನನಗೆ ಕಲಿಸಿದ್ದು ಈ ಛತ್ರ. "ಮಾಡು ಬೀಳುತ್ತೆ, ಜೀವ ಉಳಿಸಿಕೊಳ್ಳಿ. ವಾಪಸ್ ಬರೋದಕ್ಕೆ ಆಗುತ್ತೋ ಇಲ್ಲವೋ ನನಗೆ ಗೊತ್ತಿಲ್ಲ" ಎಂದಷ್ಟೇ ಹೇಳಬಹುದಿತ್ತು. ತೊಲೆಗೆ ಉಳಿ ಚುಚ್ಚಿ ಒಳಗಿನ ಟೊಳ್ಳು ತೋರಿಸಬಹುದಿತ್ತು. ರಾಜಮ್ಮ ವಿವೇಕಿ. ಅಷ್ಟಕ್ಕೇ ಹೊರಗೆ ಬರುತ್ತಿದ್ದರು ಎಂದು ಈಗ ಅನ್ನಿಸುತ್ತದೆ. ಬರುತ್ತಿದ್ದರೋ ಇಲ್ಲವೋ, ನಿಜ ಕೇಳಿ ತೀರ್ಮಾನ ಮಾಡುವ ಅವಕಾಶವನ್ನೇ ನಾನು ಅವರಿಗೆ ಕೊಡಲಿಲ್ಲ.