ಘಾಟಿಲ್ಲದ ಕಣ್ಣೀರು

ಮನಸ್ಸು ಎಂಬುದೇ ಇಲ್ಲವೆಂದು ವಾದಿಸಿ ನಾನು ಚರ್ಚಾಸ್ಪರ್ಧೆಯಲ್ಲಿ ಒಂದು ಢಾಲು ಗೆದ್ದಿದ್ದೇನೆ. ರಾಣೇಬೆನ್ನೂರಿನ ಕಾಲೇಜಿನಲ್ಲಿ ಬಿ.ಎ. ಎರಡನೆಯ ವರ್ಷ ಓದುತ್ತಿದ್ದಾಗಿನ ಮಾತು. ಎದುರಾಳಿ ಹುಡುಗ ಮನಸ್ಸಿನ ಆಳ ಅಗಲಗಳನ್ನೆಲ್ಲ ವರ್ಣಿಸಿ ಕುಳಿತ. ನಾನು ಎದ್ದು, "ಅಳತಿ ಹೇಳಿದವರು ಜಾಗಾನೂ ತೋರಿಸ್ಲಿ. ಹೊಟ್ಟಿ ಇಲ್ಲೈತಿ, ಎದಿ ಇಲ್ಲೈತಿ, ಅದೆಲ್ಲೈತಿ?" ಎಂದೆ. ಸಭೆ ನಕ್ಕಿತು, ತೀರ್ಪುಗಾರರೂ ನಕ್ಕರು. ಕಾರಣ ತೋರಿಸದ ಮಾತನ್ನು ಒಪ್ಪಬಾರದು ಎಂಬುದು ಚರ್ಚಾಕೂಟ ನನಗೆ ಕಲಿಸಿದ ಮೊದಲ ಪಾಠ. ಢಾಲಿನ ಜೊತೆ ಅದನ್ನೂ ಮನೆಗೆ ತಂದೆ.

ಮನೆ ಇದ್ದದ್ದು ಬ್ಯಾಡಗಿಯಲ್ಲಿ. ಅವ್ವ, ನಾನು, ಮತ್ತು ಅವ್ವನ ತಂಗಿ, ಅಂದರೆ ನನ್ನ ಚಿಗವ್ವ. ಆಕೆ ಹನ್ನೆರಡು ವರ್ಷದಿಂದ ಮೆಣಸಿನಕಾಯಿ ಶೆಡ್ಡಿಗೆ ತೊಟ್ಟು ಬಿಡಿಸಲು ಹೋಗುತ್ತಿದ್ದಳು. ಹೆಂಗಸರು ಕೆಂಪು ರಾಶಿಯ ಸುತ್ತ ಕುಳಿತು ತೊಟ್ಟು ಮುರಿದು ಬುಟ್ಟಿಗೆ ಹಾಕುತ್ತಾರೆ, ಕಾಯಿಯನ್ನು ಬೇರೆ ರಾಶಿಗೆ ಒಗೆಯುತ್ತಾರೆ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ ಎನ್ನುವವರು ಆ ರಾಶಿಯ ಪಕ್ಕ ಒಂದು ತಾಸು ಕುಳಿತಿರಲಿಕ್ಕಿಲ್ಲ. ಸುಗ್ಗಿಯ ತಿಂಗಳುಗಳಲ್ಲಿ ಬಸ್ಸಿಳಿದ ಹೊಸಬರು ಮಾರುಕಟ್ಟೆ ದಾಟುವುದರೊಳಗೆ ನಾಲ್ಕು ಸಲ ಸೀನುತ್ತಾರೆ. ಆ ದಿನಗಳಲ್ಲಿ ನಮ್ಮೂರಲ್ಲಿ ಯಾರಾದರೂ ಕಣ್ಣು ಒರೆಸಿಕೊಂಡರೆ ಯಾಕೆಂದು ಯಾರೂ ಕೇಳುವುದಿಲ್ಲ.

ನಾವೂ ಕೇಳಲಿಲ್ಲ. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಚಿಗವ್ವನ ಮಾತು ಕಡಿಮೆಯಾಯಿತು. ಅರ್ಧ ರೊಟ್ಟಿ ತಿಂದು ತಾಟು ಸರಿಸುತ್ತಿದ್ದಳು. ಸಂಜೆ ಗೋಡೆಗೆ ಆತು ಕುಳಿತಳೆಂದರೆ ಕಣ್ಣಿಂದ ನೀರು ಇಳಿಯುತ್ತಲೇ ಇರುತ್ತಿತ್ತು. "ಘಾಟವಾ," ಎನ್ನುತ್ತಿದ್ದಳು. "ಹೌದು, ಈ ಸಲ ಘಾಟು ಭಾಳ," ಎನ್ನುತ್ತಿದ್ದಳು ಅವ್ವ. ನಾನು ಒಪ್ಪಿದೆ. ಕಾರಣ ಇತ್ತಲ್ಲ.

ಶೆಡ್ಡಿನಲ್ಲಿ ಚಿಗವ್ವನ ಪಕ್ಕಕ್ಕೆ ಕುಳಿತು ಕೆಲಸ ಮಾಡುವ ಒಬ್ಬ ಹಿರಿಯ ಹೆಂಗಸು ಇದ್ದರು. ಅಲ್ಲಿನ ಎಲ್ಲರಿಗೂ ಆಕೆ ಖಾಲಾ, ಉರ್ದುವಿನಲ್ಲಿ ಚಿಗವ್ವ. ಒಂದು ರವಿವಾರ ಮನೆಗೆ ಬಂದು, ಚಿಗವ್ವ ಹಿತ್ತಲಿಗೆ ಹೋದದ್ದನ್ನು ನೋಡಿ ಅವ್ವನಿಗೆ ಹೇಳಿದರು: "ನಿನ್ನ ತಂಗಿ ಕಾಯಿ ತಗದು ತೊಟ್ಟಿನ ಬುಟ್ಟ್ಯಾಗ ಒಗಿಯಾಕತ್ಯಾಳ ನೋಡವಾ. ತೊಟ್ಟು ಕಾಯಿ ರಾಶಿಗೆ. ಯಾರಿಗೂ ಕಾಣದಂಗ ನಾನ ಆರಿಸಿ ತಗೀತೇನಿ."

"ಘಾಟಿಗೆ ಕಣ್ಣು ಮಬ್ಬಾಗಿರಬೇಕು," ಎಂದೆ ನಾನು.

ಖಾಲಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಏನ ಓದಾಕತ್ತೀದಿ ನೀ?"

"ಬಿ.ಎ."

"ಓದವಾ, ಓದು. ಹನ್ನೆರಡು ವರ್ಷ ರಾಶಿ ಮುಂದ ಕುಂತಾಕಿಗೆ ಘಾಟು ಹತ್ತತೈತೇನು? ನನ್ನ ಕಣ್ಣು ನೋಡು, ಹನಿ ಐತೇನು? ಹೊಸದಾಗಿ ಬಂದಾಕಿ ಅಳ್ತಾಳ, ಸೀನ್ತಾಳ, ಕೆಮ್ತಾಳ. ಎಂಟು ದಿನಕ್ಕ ಖಲಾಸ್. ಈಕಿ ಸೀನಂಗಿಲ್ಲ, ಕೆಮ್ಮಂಗಿಲ್ಲ. ಬರೇ ಅಳ್ತಾಳ."

ಅಷ್ಟು ಚೊಕ್ಕ ಖಂಡನೆಯನ್ನು ನಾನು ಯಾವ ವೇದಿಕೆಯಲ್ಲೂ ಕೇಳಿರಲಿಲ್ಲ. ಎರಡು ತಿಂಗಳು ಚಿಗವ್ವ ನಮ್ಮ ಎದುರಿಗೇ ಅತ್ತಿದ್ದಾಳೆ, ನಾವು ತಪ್ಪನ್ನು ಮೆಣಸಿನಕಾಯಿಯ ಮೇಲೆ ಹಾಕಿ ಕುಳಿತಿದ್ದೇವೆ.

ಅವ್ವ ಕದರಮಂಡಲಗಿಯ ಆಂಜನೇಯನಿಗೆ ಐದು ಶನಿವಾರದ ಹರಕೆ ಹೊತ್ತಳು. ಖಾಲಾ ಬೇರೆ ದಾರಿ ಹೇಳಿದರು. ಹಾವೇರಿಯ ಒಂದು ಆಸ್ಪತ್ರೆಗೆ ಹದಿನೈದು ದಿನಕ್ಕೊಮ್ಮೆ ಧಾರವಾಡದಿಂದ ಮನಃಶಾಸ್ತ್ರ ಓದಿದ ಒಬ್ಬ ಮೇಡಂ ಬರುತ್ತಾರಂತೆ, ಜನ ಅವರನ್ನು ಬಾಯಾರು ಎನ್ನುತ್ತಾರಂತೆ. ಹೆರಿಗೆಯಾದ ಮೇಲೆ ಮಂಕಾಗಿ ಕುಳಿತಿದ್ದ ತಮ್ಮ ಸೊಸೆಯನ್ನು ಅಲ್ಲಿಗೇ ಕರೆದೊಯ್ದಿದ್ದರಂತೆ. ನನಗೆ ಎರಡರಲ್ಲೂ ನಂಬಿಕೆ ಇರಲಿಲ್ಲ. ಆದರೆ ಅರ್ಧ ರೊಟ್ಟಿ ಅಷ್ಟರಲ್ಲಿ ಕಾಲು ರೊಟ್ಟಿಯಾಗಿತ್ತು. ಅದೂ ನಿಂತರೆ ಚಿಗವ್ವ ಉಳಿಯುತ್ತಾಳೆಯೇ ಎಂಬ ಹೆದರಿಕೆಗೆ ಆಕೆಯನ್ನು ಕರೆದುಕೊಂಡು ಹೊರಟೆ. ಮೋಟೆಬೆನ್ನೂರು ದಾಟಿ ಹಾವೇರಿ ಮುಟ್ಟುವವರೆಗೂ ಚಿಗವ್ವ ಕಿಟಕಿಯ ಸರಳು ಹಿಡಿದೇ ಕುಳಿತಿದ್ದಳು.

ಬಾಯಾರು ಆಕೆಯನ್ನು ಎದುರಿಗೆ ಕೂರಿಸಿಕೊಂಡು ಕೇಳಿದರು, "ಊಟ ಹೆಂಗ ಹೋಗ್ತೈತ್ರಿ ಅಕ್ಕಾರ?"

"ಕಾಲು ರೊಟ್ಟಿ," ಎಂದೆ ನಾನು.

"ನಿದ್ದಿ?"

"ನಸುಕಿನ್ಯಾಗ ಎಚ್ಚರಾಗ್ತೈತ್ರಿ. ಆದ್ರ ಕಾರಣ ಏನೂ ಇಲ್ಲ. ಯಾರೂ ಸತ್ತಿಲ್ಲ, ಯಾರೂ ಬೈದಿಲ್ಲ."

ಬಾಯಾರು ಪೆನ್ನು ಕೆಳಗಿಟ್ಟರು. "ನಿಮಗ ನಿದ್ದಿ ಬರ್ತೈತೇನ್ರಿ?"

"ನನಗೇನ್ರಿ, ಛಲೋ ಬರ್ತೈತಿ."

"ಮತ್ತ ನೀವ್ಯಾಕ ಹೇಳಾಕತ್ತೀರಿ?"

ನನಗೆ ಸಿಟ್ಟು ಬಂತು. "ನೀವು ಗುಳಿಗಿ ಕೊಡೋ ಡಾಕ್ಟರಲ್ಲ ಅಂತಾರ. ಹಂಗಾದ್ರ ಏನ ಕೊಡ್ತೀರಿ?"

"ಗುಳಿಗಿ ಕೊಡೋರು ಬಾಜೂ ಖೋಲ್ಯಾಗ ಅದಾರ, ಅವರನ್ನೂ ಕಾಣ್ರಿ. ನಾ ಮೊದಲ ಕೇಳ್ತೇನಿ."

"ಕಾರಣ ಇಲ್ಲದ ದುಃಖಾನ ನಂಬೋದು ಹೆಂಗ್ರಿ?"

"ಜ್ವರ ಬಂದಾಕಿ ಕಾರಣ ಹೇಳೋ ತನಕ ಗಂಜಿ ಕೊಡಂಗಿಲ್ಲೇನು ನೀವು?" ದನಿ ಏರಿಸದೆ ಹೇಳಿದರು. "ಕಾರಣ ಸಿಗಬಹುದು, ಸಿಗದನೂ ಇರಬಹುದು. ಊಟ, ನಿದ್ದಿ, ಬಾಜೂಕ ಒಬ್ರು, ಇವೇನೂ ಅದಕ್ಕ ಕಾಯಬೇಕಾಗಿಲ್ಲ. ನೀವು ಸ್ವಲ್ಪ ಹೊರಗ ಕುಂದ್ರಿ."

ಹೊರಗಿನ ಬೆಂಚಿನ ಮೇಲೆ ಮುಕ್ಕಾಲು ತಾಸು ಕುಳಿತೆ. ನಡುವೆ ಬಾಗಿಲಿನ ಆಚೆ ಚಿಗವ್ವನ ದನಿ ಕೇಳಿಸಿತು. ಮಾತು ತಿಳಿಯಲಿಲ್ಲ, ಆದರೆ ದನಿ ನಿಲ್ಲಲಿಲ್ಲ. ಎರಡು ತಿಂಗಳಲ್ಲಿ ಆಕೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಏನು ಹೇಳಿದಳೋ ಇಂದಿಗೂ ಗೊತ್ತಿಲ್ಲ.

ಹೊರಡುವಾಗ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಚ್ಚಿದರು. ಚಿಗವ್ವ ದಿನಾ ಬೆಳಗಿನ ಬಿಸಿಲಿನಲ್ಲಿ ಖಾಲಾ ಮನೆಯ ತನಕ ನಡೆದು ಬರಬೇಕು, ಪಕ್ಕದ ಕೋಣೆಯ ಡಾಕ್ಟರು ಬರೆದ ಗುಳಿಗೆ ಬಿಡಬಾರದು. ಅವ್ವನ ಹರಕೆಯ ಮಾತನ್ನು ನಾನೇ ಎತ್ತಿ, ಅಲ್ಲಗಳೆಯುತ್ತಾರೆಂದು ಕಾದೆ. "ಶನಿವಾರ ಎಲ್ಲಾರೂ ಕೂಡಿ ಹೋಗಿ ಬರ್ರಿ, ಇಲ್ಲಿಗೆ ಬರೋದು ತಪ್ಪಿಸಬ್ಯಾಡ್ರಿ," ಎಂದರು. ನನಗೆ ಹೇಳಿದ್ದು: "ದಿನಾ ಅರ್ಧಾ ತಾಸು ಅವರ ಬಾಜೂಕ ಕುಂದ್ರಿ. ಯಾಕ ಅಂತ ಮಾತ್ರ ಕೇಳಬ್ಯಾಡ್ರಿ."

"ಅಷ್ಟೇನ್ರಿ?"

"ನಿಮಗ ಅದು ಭಾಳ ತ್ರಾಸ ಆಗ್ತೈತಿ."

ಆಯಿತು. ಮೊದಲ ವಾರವೆಲ್ಲ ನಾಲಿಗೆಯ ತುದಿಯಲ್ಲಿ ಆ ಪ್ರಶ್ನೆ ತುರಿಸುತ್ತಿತ್ತು. ಆಕೆ ಅತ್ತರೆ ಗೋಡೆಯ ಬಿರುಕು ನೋಡುತ್ತಿದ್ದೆ. ಗುಣ ತಂದದ್ದು ಗುಳಿಗೆಯೋ, ಬಾಯಾರೋ, ಖಾಲಾ ಮನೆಯ ಚಹಾವೋ ಎಂದು ಇವತ್ತು ಯಾರಾದರೂ ಕೇಳಿದರೆ ಹೇಳಲಾರೆ. ಆ ಪಟ್ಟಿಯಲ್ಲಿ ಆಂಜನೇಯನನ್ನು ಬಿಟ್ಟರೆ ಅವ್ವ ಸುಮ್ಮನಿರುವುದಿಲ್ಲ. ಪೂರ್ತಿ ಗುಣವಾಯಿತೆಂದೂ ಅಲ್ಲ. ಈ ಮೂರು ವರ್ಷದಲ್ಲಿ ಎರಡು ಸಲ ಮತ್ತೆ ಹಾವೇರಿ ಬಸ್ಸು ಹತ್ತಿದ್ದೇವೆ.

ಆ ವರ್ಷ ಬೇಸಿಗೆ ಮುಗಿಯುವ ಮುಂಚೆ, ಮನೆಯ ಖಾರಪುಡಿಗೆಂದು ತಂದ ಕಾಯಿಯನ್ನು ಅವ್ವ ಪಡಸಾಲೆಯಲ್ಲಿ ಸುರಿದಳು. ನನ್ನ ಅರ್ಧ ತಾಸು ಅಲ್ಲೇ ನಡೆಯಲಿ ಎಂದು ಚಿಗವ್ವನ ಪಕ್ಕ ಕುಳಿತು ನಾನೂ ತೊಟ್ಟು ಮುರಿಯತೊಡಗಿದೆ. ಹತ್ತು ನಿಮಿಷಕ್ಕೆ ಕಣ್ಣು ಮೂಗು ಒಂದಾದವು. ಚಿಗವ್ವ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು.

"ಯಾಕವಾ, ಅಳಾಕತ್ತೀದಿ?"

"ಘಾಟು, ಚಿಗವ್ವಾ."

"ಖರೇ ಹೇಳು."

ಹೇಳುವ ಮೊದಲು ಎರಡು ಸೀನು ಬಂದವು. ಆಕೆ ಇನ್ನೊಂದು ಬರುವ ತನಕ ಕಾದಳು. "ಸೀನು ಬಂತಲ್ಲ, ಹಂಗಾದ್ರ ಘಾಟ ಐತಿ ಬಿಡು," ಎಂದು ನನ್ನ ಮುಂದಿನ ರಾಶಿಯನ್ನು ತನ್ನ ಕಡೆ ಎಳೆದುಕೊಂಡಳು. ಮೂಗು ಒರೆಸಿಕೊಳ್ಳುತ್ತ ಆಕೆಯ ಬುಟ್ಟಿಯೊಳಗೆ ಬಗ್ಗಿ ನೋಡಿದೆ. ಬರೀ ತೊಟ್ಟು ಇತ್ತು.