ಆನೆಹೆಜ್ಜೆ ಅಳೆದ ಟೈಲರು

ಆನೆ ಬಂದರೆ ಊರಿಗೆ ಸುದ್ದಿ ಮುಟ್ಟಿಸಲೆಂದು ಆಲ್ದೂರಿನ ಹತ್ತಿರ ನಾವು ನಾಲ್ವರು ಸಂಘ ಕಟ್ಟಿದೆವು: ನಿವೃತ್ತ ಹೆಡ್ಮಾಸ್ಟರು, ಕಾಂಪೌಂಡರು, ಕಾಫಿ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರಾಗಿದ್ದ ನಾನು, ಮತ್ತು ಒಬ್ಬ ಟೈಲರು. ಕೊರಳಿನ ಟೇಪು ತೆಗೆದು, ಕೆಸರಲ್ಲಿ ಮೂಡಿದ ಹೆಜ್ಜೆಯ ಸುತ್ತ ಹಿಡಿದು, ಆನೆ ಎಷ್ಟು ಎತ್ತರವೆಂದು ಹೇಳುತ್ತಿದ್ದವರು ಅವರೊಬ್ಬರೇ. "ನೋಡಿಯೇ ಹೇಳ್ಬೇಕು ಮಾರಾಯ್ರೆ" ಎನ್ನುವುದು ಅವರ ಮಾತು.

ಕಾಫಿ ಹಣ್ಣಿನ ಕೊಯ್ಲಿನ ಒಂದು ಬೆಳಿಗ್ಗೆ ಅವರು ಫೋನ್ ಮಾಡಿದರು. "ರೈಟ್ರೇ, ನಿಮ್ಮ ತೋಟದ ಕೆರೆ ಹತ್ರ ಹೊಸ ಹೆಜ್ಜೆ ಬಿದ್ದಿದೆ. ಒಂಟಿ ಸಲಗ, ದೊಡ್ಡದು. ಗ್ರೂಪಿಗೆ ಹಾಕಿ, ಆಳು ಇಳಿಸ್ಬೇಡಿ."

ಊರವರೆಲ್ಲ ಇದ್ದ ಸಂಘದ ವಾಟ್ಸಾಪ್ ಗ್ರೂಪಿಗೆ ಸಂದೇಶ ಹಾಕುವ ಕೆಲಸ ನನ್ನದು. ಹಾಕಿದರೆ ಆ ದಿನದ ಕೊಯ್ಲು ನಿಲ್ಲುತ್ತಿತ್ತು. "ನೀವು ರವಿಕೆ ಅಳತೆ ನೋಡ್ಕೊಳ್ಳಿ, ಆನೆ ವಿಷ್ಯ ನಮಗೆ ಬಿಡಿ" ಎಂದು ಫೋನಿಟ್ಟೆ. ಹತ್ತು ಗಂಟೆಗೆ ಕೆರೆಯ ಪಕ್ಕ ಹಣ್ಣು ಕೊಯ್ಯುತ್ತಿದ್ದ ಹೆಂಗಸೊಬ್ಬಳನ್ನು ಆನೆ ತುಳಿದು ಕೊಂದಿತು.

ಸಂಜೆ ಹೆಡ್ಮಾಸ್ಟರು ಟೈಲರನ್ನು ಕೇಳಿದರು: "ದಿನಾ ಆ ದಾರೀಲೇ ಓಡಾಡ್ತೀರಿ, ಹೆಜ್ಜೆ ಕಾಣ್ಲಿಲ್ವಾ?"

ಟೈಲರು ನನ್ನ ಕಡೆ ನೋಡಿ, ನಾನೇ ಹೇಳಲಿ ಎಂದು ಕಾದರು. ನಾನು ತಲೆ ತಗ್ಗಿಸಿದೆ.

"ಇವತ್ತು ಆ ಕಡೆ ಹೋಗ್ಲಿಲ್ಲ ಮೇಷ್ಟ್ರೇ" ಎಂದರು.

ನನ್ನ ಕೆಲಸ ಉಳಿಯಿತು. ಆ ಫೋನಿನ ವಿಷಯವನ್ನು ಇವತ್ತು ಮೊದಲ ಸಲ ಹೇಳುತ್ತಿದ್ದೇನೆ.

ಮೂರನೇ ದಿನ ಸತ್ತವಳ ಗಂಡ ಟೈಲರ ಅಂಗಡಿಗೆ ಬಂದು, "ನಿನ್ನ ಸೋಮಾರಿತನಕ್ಕೆ ನನ್ನ ಹೆಂಡ್ತಿ ಹೋದ್ಲಲ್ಲೋ" ಎಂದು ಮುಖಕ್ಕೆ ಉಗಿದ. ಟೈಲರು ಒರೆಸಿಕೊಳ್ಳದೆ ನಿಂತರು. ಪಕ್ಕದಲ್ಲೇ ಇದ್ದ ನಾನು ಆ ಗಂಡನ ಹೆಗಲು ಹಿಡಿದು ಸಮಾಧಾನ ಮಾಡಿದೆ.