ಗ್ರೀಸಿಲ್ಲದ ರಾಡು

ಶಹಾಪುರದ ಹತ್ತಿರ ಕಾಲುವೆಗೆ ನೀರು ಬಂದ ಹೊಸತರಲ್ಲಿ ಅಪ್ಪ ಅಲ್ಲಿ ಗೇಟು ಕಾಯುವ ದಿನಗೂಲಿಯಾಗಿದ್ದ. ಕಬ್ಬಿಣದ ಗೇಟು; ಅದನ್ನು ಎತ್ತಿ ಇಳಿಸಲು ಹಲ್ಲು ಕೊರೆದ ಉದ್ದನೆಯ ಉಕ್ಕಿನ ರಾಡು, ರಾಡನ್ನು ಹಿಡಿದ ಉಕ್ಕಿನದೇ ನಟ್ಟು, ಎತ್ತಿದ ಗೇಟು ಜಾರದಂತೆ ತಿರುಗಿಸುವ ಹಿಡಿಕೆಗೊಂದು ಸರಪಳಿ. ನಮ್ಮ ಮನೆ ದಂಡೆಯ ಮೇಲೇ ಇತ್ತು.

ಮಹಾನವಮಿಯ ಖಂಡೇಪೂಜೆಗೆ ಮನೆಯ ಕಬ್ಬಿಣವೆಲ್ಲ ತಿಕ್ಕಿ ತೊಳೆದು ಫಳಫಳ ಹೊಳೆಯಬೇಕು. ಕುಡಗೋಲು, ಕೊಡಲಿ ತೊಳೆದ ಮೇಲೆ ಅವ್ವನಿಗೆ ಅನ್ನ ಕೊಡುವ ಗೇಟು ನೆನಪಾಯಿತು. ಚಿಮಣಿ ಎಣ್ಣೆ, ಬೂದಿ ಹಿಡಿದು ಹೋಗಿ ರಾಡಿನ ಗ್ರೀಸನ್ನೆಲ್ಲ ತೆಗೆದಳು. ಕೈ ಹಾಕಿದ ಕೆಲಸವನ್ನು ಅರ್ಧಕ್ಕೆ ಬಿಟ್ಟವಳೇ ಅಲ್ಲ ಅವಳು. ವಿಭೂತಿ, ಕುಂಕುಮ ಹಚ್ಚಿ ಹೇಳಿದಳು: "ದೀಪಾವಳಿ ತನಕ ಇದಕ್ಕ ಆ ಕರಿ ಹೊಲಸು ಮುಟ್ಟಿಸಬ್ಯಾಡ್ರಿ."

ಅಪ್ಪ ಅವಳ ಮಾತು ಮೀರಲಿಲ್ಲ. ಒಣ ರಾಡನ್ನೇ ದಿನಾ ತಿರುಗಿಸಿದ. ಅದರ ಕಿರುಗುಟ್ಟುವ ಸದ್ದು ಮನೆಗೆ ಕೇಳುತ್ತಿತ್ತು. ನಾನು ಬುತ್ತಿ ಒಯ್ದಾಗ ಕಟ್ಟೆಯ ಮೇಲೆ ಕರಿ ಪುಡಿ ಉದುರಿರುತ್ತಿತ್ತು.

ಒಂದು ಮಧ್ಯಾಹ್ನ ಎತ್ತಿದ ಗೇಟಿನ ಕೆಳಗೆ ಸಿಕ್ಕ ಕಸ ತೆಗೆಯಲು ಅಪ್ಪ ಕೈ ಹಾಕಿದ. ನಟ್ಟಿನ ಹಲ್ಲು ಕಿತ್ತುಬಂದು ಗೇಟು ಬಿತ್ತು. ಬಲಗೈ ಬೆರಳುಗಳು ಹೋದವು.

ಯಾದಗಿರಿಯಿಂದ ಬಂದ ಮೆಕ್ಯಾನಿಕ್ ನಟ್ಟು ಬಿಚ್ಚಿ ಅಪ್ಪನಿಗೂ ನನಗೂ ತೋರಿಸಿದ. "ಉಕ್ಕಿಗೆ ಉಕ್ಕು ಒಣಾ ತಿಕ್ಕಿದ್ರ ಒಂದಕ್ಕೊಂದು ಕಚ್ಚಿಗೊಂಡು ಚೂರು ಕೀಳ್ತಾವ. ಆ ಚೂರು ಕಬ್ಬಿಣಾ ಉಜ್ಜೋ ಅರ ಇದ್ದಂಗ, ಹಲ್ಲು ತಿಂದು ಹಾಕ್ತಾವ. ಗ್ರೀಸ್ ಯಾರು ತೆಗದಾರ?"

"ಯಾರೂ ತೆಗದಿಲ್ರಿ. ನಾನ ಹಚ್ಚಿದ್ದಿಲ್ಲ," ಅಂದ ಅಪ್ಪ. ಮೆಕ್ಯಾನಿಕ್ ಹೋದ ಮೇಲೆ ನನಗೆ ಹೇಳಿದ: "ನಿಮ್ಮವ್ವಗ, ಹಿಡಿಕಿಗೆ ಸರಪಳಿ ಹಾಕೋದು ಮರ್ತಿದ್ದೆ ಅಂತ ಹೇಳೀನಿ. ನೀನೂ ಅಷ್ಟ ಹೇಳು."

ಅಲಕ್ಷ್ಯವೆಂದು ಅಪ್ಪನನ್ನು ಕೆಲಸದಿಂದ ತೆಗೆದರು. ಅವ್ವ ಅವನ ತಾಟಿನಲ್ಲಿ ರೊಟ್ಟಿ ಮುರಿದು ಹಾಕುತ್ತ ಊಟದುದ್ದಕ್ಕೂ ಬೈಯುತ್ತಿದ್ದಳು: "ಸರಪಳಿ ಹಾಕಲಾರದಷ್ಟು ಎಲ್ಲಿತ್ರಿ ನಿಮ್ಮ ಲಕ್ಷ್ಯ?" ಅಪ್ಪ ತಲೆ ತಗ್ಗಿಸಿ ಉಣ್ಣುತ್ತಿದ್ದ. ನನಗೆ ಅವ್ವನ ಮೇಲೆ ಸಿಟ್ಟು. ನನ್ನ ಬಾಯಿ ಕಟ್ಟಿದ ಅಪ್ಪನ ಮೇಲೆ ಅದಕ್ಕಿಂತ ಹೆಚ್ಚು. ಸಾಯುವವರೆಗೂ ಬೈಸಿಕೊಂಡ.

ಈಗ ಅವ್ವ ಸುರಪುರದಲ್ಲಿ ನನ್ನ ಜೊತೆಗಿದ್ದಾಳೆ. ಮೊನ್ನೆ ಹಸಿ ತೊಗರಿಕಾಯಿ ಸುಲಿಯುತ್ತ ಕೇಳಿದಳು: "ಖರೇ ಹೇಳು, ಅವರು ಸರಪಳಿ ಮರ್ತಿದ್ರೇನು? ಹಂಗ ಮರಿಯೋ ಮನುಷ್ಯಾ ಅಲ್ಲ ಅವರು."

ಸುಲಿಯುವುದನ್ನು ಬಿಟ್ಟು ನನ್ನ ಮುಖವನ್ನೇ ನೋಡಿದಳು.

"ಹೌದವ್ವ, ಮರ್ತಿದ್ದ."

"ಹಂಗಾದ್ರ ನಾ ಬೈದದ್ದು ತಪ್ಪಲ್ಲ ಬಿಡು," ಅಂದು ಅವ್ವ ಮತ್ತೆ ಕಾಯಿ ಸುಲಿಯತೊಡಗಿದಳು.